ಗಾಳಿ ಎಷ್ಟು ಬಿಡಬೇಕು

ನಮ್ಮ ಬೀದರ್, ಕಲಬುರಗಿ ಕಡೆ ತಂಬಾಕು ಹಾಕುವವರನ್ನು ಗಮನಿಸಿದ್ದೀರಾ? ಮೊದಲು ಚಂಚಿ ಬಿಚ್ಚುತ್ತಾರೆ. ಒಂದು ಚಿಟಿಕೆ ತಂಬಾಕು ಎಡಗೈಗೆ ಬೀಳುತ್ತದೆ. ಡಬ್ಬಿಯಿಂದ ಉಗುರಿನ ತುದಿಯಲ್ಲಿ ಸುಣ್ಣ ಬರುತ್ತದೆ. ಆಮೇಲೆ ಹೆಬ್ಬೆರಳಿನಿಂದ ತಿಕ್ಕುವುದು ಶುರು. ತೊಗರಿ ರೇಟು, ಮಳೆ, ಅಳಿಯನ ನೌಕರಿ, ಎಲ್ಲ ಮಾತೂ ತಿಕ್ಕುತ್ತ ತಿಕ್ಕುತ್ತಲೇ ಆಗಬೇಕು. ಕೊನೆಗೆ ಚಪ್ಪಾಳೆ ತಟ್ಟಿ, ಪುಡಿ ಹಾರಿಸಿ, ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಮನುಷ್ಯ ಮೂಕ. ಬೀಡಿ ಸೇದುವವರೂ ಅಷ್ಟೇ. ಕಟ್ಟಿನಿಂದ ಒಂದನ್ನು ಎಳೆದು, ಬೆರಳ ಮಧ್ಯೆ ಹೊರಳಿಸಿ, ಹಿಂದಿನಿಂದ ಒಮ್ಮೆ ಊದಿ, ಗಾಳಿ ಆಡುತ್ತದೋ ಇಲ್ಲವೋ ನೋಡಿಯೇ ಕಡ್ಡಿ ಗೀರುತ್ತಾರೆ. ನನ್ನ ಲೆಕ್ಕದಲ್ಲಿ ಈ ಚಟಗಳಲ್ಲಿ ಅರ್ಧ ಪಾಲು ಕೈಯದ್ದು. ಬಾಯಿಗೆ ಸುಮ್ನೆ ಕೆಟ್ಟ ಹೆಸರು.

ಈ ಲೆಕ್ಕ ಪಕ್ಕಾ ಆದದ್ದು ದುಬೈನಲ್ಲಿ. ಅಕ್ಕನ ಮಗ ಅಲ್ಲಿ ಎಸಿ ಕೆಲಸದಲ್ಲಿದ್ದಾನೆ. ಅಕ್ಕನನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಹುಡುಗ ಸಿಗರೇಟು ಬಿಟ್ಟಿದ್ದಾನೆ ಎಂದು ಅಕ್ಕ ಕಲಬುರಗಿಯಲ್ಲಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬಿಟ್ಟಿದ್ದೂ ನಿಜವೇ. ಅದರ ಬದಲಿಗೆ ಟೇಬಲ್ ಮೇಲೆ ಒಂದು ಸಣ್ಣ ಕಾರ್ಖಾನೆ ಕೂತಿತ್ತು. ಸ್ಕ್ರೂಡ್ರೈವರು, ಚಿಮಟ, ತಂತಿಯ ಸುರುಳಿ, ಹತ್ತಿಯ ಪೊಟ್ಟಣ, ತಂತಿಯ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮೀಟರು. ನಡುವೆ ಗಾಜು ಮತ್ತು ಸ್ಟೀಲಿನ ಹೆಬ್ಬೆರಳು ಗಾತ್ರದ ಡಬ್ಬಿ. ಅದೇ ವೇಪ್ ಟ್ಯಾಂಕು, ಅಂದರೆ ಲಿಕ್ವಿಡ್ ಕಾಯಿಸಿ ಆವಿ ಎಳೆಯುವ ಇ-ಸಿಗರೇಟಿನ ಹೊಟ್ಟೆ. ಅದರಲ್ಲೂ ರೀಬಿಲ್ಡಬಲ್ ಟ್ಯಾಂಕು. ಅಂದರೆ ಒಳಗೆ ಕಾಯುವ ತಂತಿ ಸುರುಳಿ, ಆ ಕಾಯಿಲ್, ಸುಟ್ಟರೆ ಅಂಗಡಿಯಿಂದ ಹೊಸದು ತಂದು ಸಿಕ್ಕಿಸುವ ಹಾಗಿಲ್ಲ. ತಂತಿ ತಾನೇ ಸುತ್ತಬೇಕು, ಹತ್ತಿ ತಾನೇ ಸೇರಿಸಬೇಕು.

ತಂತಿಯ ಹೆಸರು ಕಾಂತಾಲ್. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿಸಿ ಮಾಡಿದ್ದು. ಕೆಂಪಗೆ ಕಾದರೂ ಬೇಗ ಸವೆಯುವುದಿಲ್ಲ. ಹಾಸ್ಟೆಲ್‌ನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಚಹಾ ಕಾಸುತ್ತಿದ್ದ ಕಾಯಿಲ್ ಒಲೆಯ ತಂತಿಯೂ ಇದೇ ಜಾತಿಯದು. ಇಲ್ಲಿ ಅರ್ಧ ಮಿಲಿಮೀಟರಿಗೂ ತೆಳು, ಅಷ್ಟೇ. 3 ಮಿಲಿಮೀಟರ್ ಸಲಾಕೆಗೆ 26 ಗೇಜಿನ ತಂತಿಯನ್ನು ಆರು ಸುತ್ತು ಸುತ್ತಿದ. ಎರಡು ಕಾಲುಗಳನ್ನು ಎರಡು ಕಂಬಕ್ಕೆ ಬಿಗಿದ. ಮೀಟರ್ 0.8 ಓಮ್ ಆಸುಪಾಸು ತೋರಿಸಿತು. ಬ್ಯಾಟರಿ ಇಷ್ಟು ವೋಲ್ಟು, ಹಾಗಾದರೆ ಕರೆಂಟು ಇಷ್ಟು, ವ್ಯಾಟು ಇಷ್ಟು ಅಂತ ಬಾಯಲ್ಲೇ ಲೆಕ್ಕ ಒಪ್ಪಿಸಿದ. ಡಿಪ್ಲೊಮಾದಲ್ಲಿ ಓಮ್‌ನ ನಿಯಮವಿರುವ ಪೇಪರನ್ನು ಎರಡನೇ ಸಲಕ್ಕೆ ದಾಟಿದ ಹುಡುಗ ಇವನು! ಓಮ್ ತೀರಾ ಕಡಿಮೆಯಾದರೆ ಬ್ಯಾಟರಿಯಿಂದ ಕರೆಂಟು ಹುಚ್ಚುಹೊಳೆಯ ಹಾಗೆ ನುಗ್ಗುತ್ತದೆ, ಬ್ಯಾಟರಿ ಸಿಡಿಯಲೂಬಹುದು. ಜೀವದ ಮೇಲೆ ಬಂದಾಗ ಫಿಸಿಕ್ಸ್ ಎಷ್ಟು ಚೆನ್ನಾಗಿ ತಲೆಗೆ ಹೋಗುತ್ತದೆ ನೋಡಿ.

ಗುಂಡಿ ಒತ್ತಿದ. ಕಾಯಿಲ್ ಒಂದು ಮೂಲೆಯಲ್ಲಿ ಮಾತ್ರ ಕೆಂಪಾಯಿತು. ಮುಖ ಸಿಂಡರಿಸಿ, ಚಿಮಟದಿಂದ ಸುತ್ತುಗಳನ್ನು ಒತ್ತಿ, ಮೆಲ್ಲಗೆ ಸವರಿ, ಮತ್ತೆ ಒತ್ತಿದ. ಈಗ ನಡುವಿನಿಂದ ಹೊರಟ ಕೆಂಪು ಎರಡೂ ತುದಿಗೆ ಸಮನಾಗಿ ಹರಡಿತು. ಅವನ ಮುಖವೂ ಅರಳಿತು. ಇನ್ನೂ ಹತ್ತಿ ಇಲ್ಲ, ಲಿಕ್ವಿಡ್ ಇಲ್ಲ, ಬಾಯಿಗೆ ಏನೂ ಬಂದಿಲ್ಲ. ಆದರೂ ಮನುಷ್ಯ ತೃಪ್ತ.

ಹತ್ತಿ ಬಂದಾಗ ಅಕ್ಕ ಒಳಗಿನಿಂದ ಎದ್ದು ಬಂದಳು. ಜಪಾನಿನದಂತೆ, ಬ್ಲೀಚ್ ಮಾಡದ್ದಂತೆ, ಸಣ್ಣ ಪೊಟ್ಟಣಕ್ಕೆ ಅವನು ಹೇಳಿದ ದರ ಕೇಳಿ ನಮಗಿಬ್ಬರಿಗೂ ಶಹಾಪುರ, ಸುರಪುರದ ಹತ್ತಿ ಹೊಲದವರ ನೆನಪಾಯಿತು. ಅವನು ಒಂದು ಎಳೆ ಹರಿದು, ಹೊಸೆದು, ಕಾಯಿಲ್ ಒಳಗೆ ತೂರಿಸಿ ಎಳೆಯತೊಡಗಿದ. ಅದು ಬಿಗಿಯಾಗಿ ಕಿರ್ರೆಂದಿತು.

‘ಬಿಗಿ ಆಯ್ತಲ್ಲೋ. ಎಣ್ಣಿ ಹ್ಯಾಂಗ ಏರ್ತದ?’ ಅಂದಳು ಅಕ್ಕ.

‘ಅವ್ವಾ, ಇದು ದೀಪದ ಬತ್ತಿ ಅಲ್ಲ.’

‘ಬತ್ತಿ ಯಾವ್ದಾದ್ರೇನು, ಬಿಗಿ ಹೊಸದ್ರ ಕರಕ್ ಆಗ್ತದ. ಸಡ್ಲ ಮಾಡು. ಭಾಳ ಸಡ್ಲನೂ ಬ್ಯಾಡ, ಸೋರ್ತದ.’

ಅವನು ನನ್ನ ಮುಖ ನೋಡಿದ. ಅವಳು ಹೇಳಿದ್ದು ಅಕ್ಷರಕ್ಷರ ಸರಿ. ಹತ್ತಿ ಜಾಸ್ತಿ ತುರುಕಿದರೆ ಲಿಕ್ವಿಡ್ ಏರುವುದಿಲ್ಲ. ಒಣಗಿದ ಹತ್ತಿ ಸುಟ್ಟು ಗಂಟಲು ಹರಿದುಹೋಗುವ ಹಾಗಾಗುತ್ತದೆ. ಕಡಿಮೆಯಾದರೆ ಲಿಕ್ವಿಡ್ ತುಂಬಿ ಕೆಳಗಿನ ಗಾಳಿ ಕಿಂಡಿಯಿಂದ ಅಂಗಿ ಜೇಬಿಗೆ ಇಳಿಯುತ್ತದೆ. ಲಿಕ್ವಿಡ್‌ನಲ್ಲಿ ಗ್ಲಿಸರಿನ್ ಜಾಸ್ತಿ ಇದ್ದಷ್ಟೂ ಮಂದ, ಏರುವುದೂ ನಿಧಾನ. ಅದಕ್ಕೇ ಅದರ ಜೊತೆ ತೆಳುವಾದ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಇದನ್ನೆಲ್ಲ ಕಲಿಯಲು ಇವನು ರಾತ್ರಿಗಟ್ಟಲೆ ವಿಡಿಯೊ ನೋಡಿದ್ದನಂತೆ. ಅಕ್ಕ ಕಾರ್ತಿಕದ ಬತ್ತಿ ಹೊಸೆಯುತ್ತ ಕಲಿತಿದ್ದಾಳೆ. ಅವಳೇ ಒಂದು ಬತ್ತಿ ಹೊಸೆದು ಕೊಟ್ಟಳು. ಅದು ಯಾವುದಕ್ಕೆ ಅಂತ ಪೂರಾ ತಿಳಿದ ಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡಳು.

ಇನ್ನು ಗಾಳಿ. ಟ್ಯಾಂಕಿನ ಬುಡಕ್ಕೆ ಒಂದು ಸ್ಟೀಲ್ ಬಳೆ ಇದೆ. ತಿರುಗಿಸಿದರೆ ಪಕ್ಕದ ಸೀಳು ಕಿಂಡಿಗಳು ತೆರೆಯುತ್ತವೆ, ಮುಚ್ಚುತ್ತವೆ. ನೋಡಲು ಇದರಷ್ಟು ಸಾದಾ ವಸ್ತು ಇನ್ನೊಂದಿಲ್ಲ. ಆದರೆ ಆಟವೆಲ್ಲ ಅದರದ್ದೇ. ನಾನು ನಿಕೋಟಿನ್ ಇಲ್ಲದ ಲಿಕ್ವಿಡ್ಡೇ ಬೇಕೆಂದು ಹಟ ಹಿಡಿದು ಹಾಕಿಸಿಕೊಂಡೆ.

‘ಮಾಮಾ, ಮೊದಲ ಪೂರಾ ತೆರದ್ ಎಳೀರಿ. ಹಗೂರ.’

ಎಳೆದೆ. ತಂಪಾಗಿ, ತಡೆಯೇ ಇಲ್ಲದೆ ಎದೆಯೊಳಗೆ ಹೋಯಿತು. ಬಿಟ್ಟರೆ ಬಾಲ್ಕನಿಯ ಕಂಬಿ ಕಾಣದಷ್ಟು ಬಿಳಿ ಮೋಡ. ಬಾಟಲಿ ಮೇಲೆ ಮಾವಿನಹಣ್ಣಿನ ಚಿತ್ರವಿತ್ತು. ಬಾಯಲ್ಲಿ ಮಾತ್ರ ಹಣ್ಣಿನ ಅಂಗಡಿ ಮುಂದೆ ಸ್ಕೂಟರಿನಲ್ಲಿ ಹಾದುಹೋದಷ್ಟು ವಾಸನೆ. ಬಳೆ ಅರ್ಧಕ್ಕೆ ತಿರುಗಿಸಿದ. ಮೋಡ ಸಣ್ಣದಾಯಿತು, ಆವಿ ಬೆಚ್ಚಗಾಯಿತು, ಮಾವು ಬಂತು. ಕೂದಲೆಳೆಯಷ್ಟು ಬಿಟ್ಟು ಮುಚ್ಚಿದ. ಈಗ ಕೆನ್ನೆ ಒಳಗೆ ಹೋಗುವಷ್ಟು ಜೋರು ಹಾಕಿ ಎಳೆಯಬೇಕು. ಕಿಂಡಿ ಸಣ್ಣಗೆ ಸಿಳ್ಳೆ ಹಾಕಿತು. ಆವಿ ಬಿಸಿಯಾಗಿ, ಗಟ್ಟಿಯಾಗಿ ಗಂಟಲು ಹಿಡಿಯಿತು. ಕೆಮ್ಮಿದೆ.

ಕಾರಣ ಸರಳ. ಹೊರಗಿನ ಗಾಳಿ ಕಾಯಿಲ್ ಮೇಲೆ ಹಾದು ಅದನ್ನು ತಂಪು ಮಾಡುತ್ತದೆ, ಎದ್ದ ಆವಿಯನ್ನು ಹೊತ್ತು ತರುತ್ತದೆ, ಜೊತೆಗೇ ತೆಳುವೂ ಮಾಡುತ್ತದೆ. ಗಾಳಿ ಜಾಸ್ತಿಯಾದರೆ ಮೋಡ ದೊಡ್ಡದು, ರುಚಿ ನೀರು. ಕಡಿಮೆಯಾದರೆ ರುಚಿ ಗಟ್ಟಿ, ಶಾಖವೂ ಗಟ್ಟಿ. ಮೊದಲು ಬಾಯಿಗೆ ಎಳೆದು ಆಮೇಲೆ ಎದೆಗೆ ಬಿಡುವ ಸಿಗರೇಟಿನ ರೂಢಿಯವರು ಕಿಂಡಿ ಸಣ್ಣದಿಡುತ್ತಾರೆ. ನೇರ ಎದೆಗೆಳೆಯುವ ಮೋಡಪ್ರಿಯರು ಪೂರಾ ತೆರೆಯುತ್ತಾರೆ. ನಮ್ಮವನು ಎರಡೂ ಪಂಗಡಕ್ಕೆ ಸೇರದವನು. ಬಳೆಯನ್ನು ನೂಲಿನಷ್ಟು ಈ ಕಡೆ, ನೂಲಿನಷ್ಟು ಆ ಕಡೆ ತಿರುಗಿಸುತ್ತ, ‘ಇನ್ನೊಂಚೂರ್ ಬಿಟ್ರ ಸರಿ ಆಗ್ತದ’ ಎನ್ನುತ್ತ ಸಂಜೆ ಕಳೆದ. ಎಳೆದದ್ದು ಕಡಿಮೆ, ತಿರುಗಿಸಿದ್ದೇ ಜಾಸ್ತಿ. ಹೊಗೆಯಲ್ಲ, ಬರೀ ಆವಿ ಮಾಮಾ ಅಂತ ಅವನ ಸಮಜಾಯಿಷಿ. ಅವನ ಬಾಟಲಿಯಲ್ಲಿ ನಿಕೋಟಿನ್ ಇತ್ತು. ಅದು ಹೊಗೆ ಮೇಲೆ ಕೂತು ಬಂದರೂ ನಿಕೋಟಿನ್ನೇ, ಆವಿ ಮೇಲೆ ಬಂದರೂ ನಿಕೋಟಿನ್ನೇ, ಅಲ್ವಾ? ಚಟ ಹತ್ತಿಸುವ ಕೆಲಸವನ್ನು ಅದು ಬಿಡುವುದಿಲ್ಲ.

ಈ ವರ್ಷ ಶರಣಬಸವೇಶ್ವರ ಜಾತ್ರೆಗೆ ಹುಡುಗ ಕಲಬುರಗಿಗೆ ಬಂದ. ಟ್ಯಾಂಕನ್ನು ದುಬೈನಲ್ಲೇ ಬಿಟ್ಟು ಬಂದಿದ್ದ, ಬುದ್ಧಿವಂತ. ನಮ್ಮಲ್ಲಿ ಇದಕ್ಕೆ 2019ರಿಂದ ದೇಶಕ್ಕೆಲ್ಲ ನಿಷೇಧ. ತಯಾರಿ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಯಾವುದಕ್ಕೂ ಅವಕಾಶವಿಲ್ಲ. ದಾಸ್ತಾನು ಬಿಟ್ಟು ಉಳಿದವುಗಳಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರ್ನಾಟಕ ಅದಕ್ಕೂ ಮೊದಲೇ, 2016ರಲ್ಲಿ, ಮಾರಾಟಕ್ಕೆ ತಡೆ ಹಾಕಿತ್ತು. ಹೀಗಾಗಿ ಮನೆಯಲ್ಲಿ ಹುಡುಗನ ಕೈ ಖಾಲಿ. ಖಾಲಿ ಕೈ ಎಂದರೆ ಗೊತ್ತಲ್ಲ. ಅಕ್ಕನ ಮಿಕ್ಸರ್ ಬಿಚ್ಚಿದ. ನಲ್ಲಿಯ ವಾಷರ್ ಬದಲಿಸಿದ. ಗ್ಯಾಸ್ ಒಲೆಯ ಬರ್ನರ್ ಕೆಳಗಿನ ಗಾಳಿ ತಗಡು ತಿರುಗಿಸಿ ಹಳದಿ ಉರಿಯನ್ನು ನೀಲಿ ಮಾಡಿದ. ಅಕ್ಕನಿಗೆ ಇದು ಮಾತ್ರ ಬಹಳ ಸೇರಿತು. ಕೊನೆಗೆ ಫ್ಯಾನಿನ ರೆಗ್ಯುಲೇಟರಿಗೆ ಕೈ ಹಾಕಿದಾಗ, ‘ಇವನ್ನ ಎಲ್ಲಾರ ಕರ್ಕೊಂಡು ಹೋಗಪ್ಪ’ ಅಂದಳು. ಬೀದರಿಗೆ ನನ್ನ ಮನೆಗೆ ಕರೆದುಕೊಂಡು ಬಂದೆ. ಅವಳೂ ಹೊರಟಳು.

ಚೌಬಾರಾ ಹತ್ತಿರದ ಓಣಿಯೊಂದರಲ್ಲಿ ಬಿದರಿ ಕೆಲಸದವರು ಕೂತಿರುತ್ತಾರೆ. ಸತು ಜಾಸ್ತಿ, ತಾಮ್ರ ಕೊಂಚ ಸೇರಿಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತ ಹಚ್ಚಿ ಮೈ ಕಪ್ಪಾಗಿಸಿ, ಅದರ ಮೇಲೆ ಉಳಿಯಿಂದ ಬಳ್ಳಿ, ಹೂವು ಕೊರೆಯುತ್ತಾರೆ. ಕೊರೆದ ಗೀರಿಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು. ಅದು ತಾಗಿದರೆ ಸತುವಿನ ಮೈ ಕಾಯಂ ಕಪ್ಪು, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಮಣ್ಣು ಬಿಸಿಲು ಮಳೆ ಕಾಣದ ಹಳೆ ಜಾಗದ್ದೇ ಆಗಬೇಕು. ಸರಿಯಾದದ್ದೋ ಅಲ್ಲವೋ ಎಂದು ನಾಲಿಗೆಗೆ ಇಟ್ಟು ನೋಡುತ್ತಾರೆ. ಈ ಕಸುಬಿಗೆ 2006ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಎನ್ನುವ ಭೌಗೋಳಿಕ ಗುರುತು ಬಂತು. 2023ರಲ್ಲಿ ಇಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ನಾವು ಹೊಕ್ಕ ಬಿದರಿ ಅಂಗಡಿಯ ಮೂಲೆಯಲ್ಲಿ ಒಂದು ಹುಕ್ಕಾ ಬುಡ ಇತ್ತು. ಬುಡ ಅಗಲ, ಕುತ್ತಿಗೆ ಸಣ್ಣ, ಗಂಟೆಯ ಆಕಾರ. ಹಳೆ ಕಾಲದವು ದುಂಡಗಿರುತ್ತಿದ್ದವು. ಉರುಳದಂತೆ ಕೆಳಗೊಂದು ಸಿಂಬಿ ಬೇಕಾಗುತ್ತಿತ್ತು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೂ ನಮ್ಮೂರ ಕಸುಬಿನ ಹುಕ್ಕಾ ಬುಡಗಳು ಗಾಜಿನೊಳಗೆ ಕೂತಿವೆ. ಹುಡುಗ ಅದನ್ನು ಎತ್ತಿಕೊಂಡವನೇ ಮೊಬೈಲ್ ಟಾರ್ಚ್ ಹಾಕಿ ಬಾಯೊಳಗೆ ಇಣುಕಿದ.

‘ಗಾಳಿ ಕಿಂಡಿ ಎಲ್ಲದ ಇದಕ್ಕ?’

ಮಾಲೀಕರು ನಕ್ಕರು. ಮೇಲೆ ಚಿಲುಮೆ, ಅದರಿಂದ ಇಳಿಯುವ ಕೊಳವೆಯ ತುದಿ ನೀರಿನಲ್ಲಿ ಮುಳುಗಿರುತ್ತದೆ. ಎಷ್ಟು ಮುಳುಗಿದೆ ಅನ್ನುವುದರ ಮೇಲೇ ಎಳೆತ. ನೀರು ಒಂದು ಬೆರಳು ಜಾಸ್ತಿಯಾದರೆ ದಮ್ಮು ಜಾಸ್ತಿ ಬೇಕು. ಕೊಳವೆ ತುದಿ ನೀರಿಗೆ ತಾಗದಿದ್ದರೆ ಗುಡುಗುಡಿ ಸದ್ದೂ ಇಲ್ಲ, ಹೊಗೆ ತೊಳೆಯುವುದೂ ಇಲ್ಲ. ಕೊಳವೆ ಕೂಡುವ ಸಂದಿಗೆ ಒದ್ದೆ ಬಟ್ಟೆ ಸುತ್ತುವುದರಿಂದ ಗಾಳಿ ಸೋರುವುದಿಲ್ಲ. ಹುಡುಗ ಗಂಭೀರನಾಗಿ ಕೇಳಿಕೊಂಡ. ಅವನ ಟ್ಯಾಂಕಿನಲ್ಲಿ ರಬ್ಬರ್ ಉಂಗುರ ಮಾಡುವ ಕೆಲಸವನ್ನು ಇಲ್ಲಿ ಬಟ್ಟೆ ಮಾಡುತ್ತಿತ್ತು. ಬಳೆ ಮಾಡುವುದನ್ನು ಒಂದು ಲೋಟ ನೀರು ಮಾಡುತ್ತಿತ್ತು.

ತಂಬಾಕು ಅಕ್ಬರನ ಆಸ್ಥಾನಕ್ಕೆ ಹೋದದ್ದೇ ನಮ್ಮ ಪಕ್ಕದ ವಿಜಯಪುರದಿಂದ. ಅಸದ್ ಬೇಗ್ ಎಂಬ ಅಧಿಕಾರಿ 1604ರ ಸುಮಾರಿಗೆ ಅಲ್ಲಿ ತಂಬಾಕು ಕಂಡು, ತೆಗೆದುಕೊಂಡು ಹೋಗಿ ಬಾದಶಹನ ಮುಂದಿಟ್ಟ. ಅವನು ಬರೆದಿಟ್ಟಿರುವುದನ್ನು ಓದಿದರೆ ನನ್ನ ಲೆಕ್ಕಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಮೂರು ಮೊಳದ ಕೊಳವೆ, ಎರಡೂ ತುದಿಗೆ ರತ್ನ ಮತ್ತು ಮೀನಾ ಕೆಲಸ, ಬಾಯಿಗೆ ಯೆಮನ್ ದೇಶದ ಕೆಂಪು ಕಲ್ಲಿನ ತುದಿ, ಹೊತ್ತಿಸಲು ಚಿನ್ನದ ಬಟ್ಟಲು. ಸಾಮಾನಿನ ವರ್ಣನೆಯೇ ವರ್ಣನೆ. ವೈದ್ಯರು ಬೇಡ ಎಂದರೂ ಅಕ್ಬರ್ ಸ್ವಲ್ಪ ಎಳೆದು ನೋಡಿದ. ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಜನ ಎಷ್ಟು ಕೇಳಿದರು ಅನ್ನುವುದಕ್ಕೆ ಆಮೇಲೆ ಬೀದರಿನಲ್ಲಿ ತಯಾರಾದ ಹುಕ್ಕಾ ಬುಡಗಳೇ ಉತ್ತರ.

ಈಗ ಹುಕ್ಕಾಗೂ ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ನಿಷೇಧ. ‘ಇದರಾಗ ಯಾರ್ ನೀರ್ ಹಾಕ್ತಾರ್ರಿ ಈಗ, ಶೋಕೇಸಿಗೆ ಒಯ್ತಾರ’ ಅಂದರು ಮಾಲೀಕರು. ಪೆನ್ ಸ್ಟ್ಯಾಂಡು, ಕಿವಿಯೋಲೆ, ಪೆನ್‌ಡ್ರೈವು ಹೆಚ್ಚು ಹೋಗುತ್ತವಂತೆ.

ಹುಡುಗ ಕೊಳ್ಳುತ್ತೇನೆಂದ. ದುಬೈಗೆ ಒಯ್ದು ಚಿಲುಮೆ ಕೂಡಿಸಿ, ಕೊಳವೆಗೆ ಗಾಳಿ ಬಳೆಯೊಂದನ್ನು ಲೇತ್‌ನಲ್ಲಿ ಮಾಡಿಸಿ ಹಾಕುವ ಯೋಜನೆ ಆಗಲೇ ಅವನ ತಲೆಯಲ್ಲಿ ತಯಾರಾಗಿತ್ತು. ಹೆಬ್ಬೆರಳಿನಿಂದ ಕುತ್ತಿಗೆಯ ಸುತ್ತಳತೆ ನೋಡುತ್ತಿದ್ದ. ಅಕ್ಕ ದುಡ್ಡು ಕೊಟ್ಟು, ಅವನ ಕೈಯಿಂದ ಅದನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿದಳು.

‘ಗುಲಾಬಿ ಇಡಾಕ ಬರ್ತದ. ನೀ ಮೊದಲ ಬಿಚ್ಚಿಟ್ಟ ಮಿಕ್ಸರ್ ಜೋಡ್ಸು.’