ಟೆಂಡರ್ ಕರೆಯುವ ಮೊದಲೇ ಕೂಲಿ ಗೊತ್ತಾಗಲಿ

ಅಮೆರಿಕದಲ್ಲಿ ಕೇಂದ್ರ ಸರ್ಕಾರ ಕಟ್ಟಿಸುವ ಕಾಮಗಾರಿ 3.5 ಕೋಟಿ ಡಾಲರ್ ಮುಟ್ಟಿದರೆ, ಗುತ್ತಿಗೆದಾರರು ಕಾರ್ಮಿಕ ಯೂನಿಯನ್‌ಗಳ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು ಅನ್ನುವ ನಿಯಮವಿದೆ. ಪ್ರಾಜೆಕ್ಟ್ ಲೇಬರ್ ಅಗ್ರಿಮೆಂಟ್ ಅಂತ ಅದರ ಹೆಸರು. ಸೈಟಿನಲ್ಲಿ ಪಿಎಲ್‌ಎ ಅಂತಲೇ ಕರೆಯುತ್ತಾರೆ. ಬೈಡನ್ 2022ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶವಿದು. 2024ರ ಜನವರಿಯಿಂದ ಜಾರಿಯಲ್ಲಿದೆ, ಕೆಲವು ವಿನಾಯಿತಿಗಳೂ ಇವೆ. ಟ್ರಂಪ್ ಬಂದ ಮೇಲೆ ಇದು ಹೋಗುತ್ತೆ ಅಂತ ತುಂಬ ಜನ ಅಂದುಕೊಂಡಿದ್ದರು. ಹೋಗಲಿಲ್ಲ. ಆದೇಶ ಹಾಗೇ ಇದೆ ಅಂತ 2025ರ ಜೂನ್‌ನಲ್ಲಿ ಅವರ ಸರ್ಕಾರವೇ ಹೇಳಿತು.

ನಾನು ಬಾಸ್ಟನ್ ಕಡೆ ಟೆಂಡರ್ ಲೆಕ್ಕ ಹಾಕುವ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಇದೇ ಕೆಲಸ. ಎರಡೂ ಕಡೆಯ ಲೆಕ್ಕ ನೋಡಿದವನಾಗಿ ಹೇಳುತ್ತಿದ್ದೇನೆ: ಈ ಪದ್ಧತಿಯಲ್ಲಿ ತಪ್ಪುಗಳಿವೆ, ಆದರೆ ಅದರ ಬೇರು, ಅಂದರೆ ಕೂಲಿಯನ್ನು ಮೊದಲೇ ಗೊತ್ತುಮಾಡುವುದು, ಸರಿಯಾಗಿದೆ. ನಮ್ಮ ಕರ್ನಾಟಕಕ್ಕೆ ಆ ಬೇರು ಬೇಕು.

ಬೆಂಗಳೂರಿನಲ್ಲಿ ಆಗುತ್ತಿದ್ದದ್ದು ಹೀಗೆ. ಎಸ್‌ಆರ್, ಅಂದರೆ ಸರ್ಕಾರದ ದರಪಟ್ಟಿಯ ದರಕ್ಕಿಂತ ಕೆಳಗೆ ಕೋಟ್ ಮಾಡಿ ಕೆಲಸ ಹಿಡಿಯುತ್ತಿದ್ದೆವು. ಹಿಡಿದ ಮೇಲೆ ಸಿಮೆಂಟಿನವರು ದರ ಇಳಿಸುವುದಿಲ್ಲ, ಕಂಬಿಯವರು ಇಳಿಸುವುದಿಲ್ಲ, ಡೀಸೆಲ್ ಇಳಿಯುವುದಿಲ್ಲ. ಇಳಿಸಲು ಸಿಗುವುದು ಒಂದೇ, ಆಳಿನ ಕೂಲಿ. ದೊಡ್ಡ ಗುತ್ತಿಗೆದಾರ ಸಣ್ಣ ಗುತ್ತಿಗೆದಾರನನ್ನು ಹಿಂಡುತ್ತಾನೆ, ಅವನು ಮೇಸ್ತ್ರಿಯನ್ನು, ಮೇಸ್ತ್ರಿ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರನ್ನು. ವಾರಕ್ಕೊಮ್ಮೆ ಖರ್ಚಿಗೆ ಅಂತ ಒಂದಿಷ್ಟು ಕೈಗೆ ಬರುತ್ತಿತ್ತು. ಉಳಿದದ್ದು ಊರಿಗೆ ಹೊರಟಾಗ ಲೆಕ್ಕ. ಆ ಲೆಕ್ಕ ಇರುತ್ತಿದ್ದದ್ದು ಮೇಸ್ತ್ರಿಯ ಜೇಬಿನ ಡೈರಿಯಲ್ಲಿ ಮಾತ್ರ. ಮುಂಗಡ ಮುರಿದುಕೊಂಡು, ಅಕ್ಕಿ ಬೇಳೆ ಮುರಿದುಕೊಂಡು ಅವನು ಹೇಳಿದ್ದೇ ಮೊತ್ತ. ಕನಿಷ್ಠ ವೇತನದ ಕಾನೂನು ಇರಲಿಲ್ಲ ಅಂತಲ್ಲ. ಅದನ್ನು ಹಿಡಿದುಕೊಂಡು ಕೇಳುವವರು ಸೈಟಿನಲ್ಲಿ ಯಾರೂ ಇರಲಿಲ್ಲ.

ಇಲ್ಲಿ ಅಮೆರಿಕದಲ್ಲಿ ಸರ್ಕಾರಿ ಸೈಟಿನ ಗೇಟಿನ ಪಕ್ಕದ ಬೋರ್ಡಿನಲ್ಲಿ ಕೂಲಿ ಹಾಳೆ ಅಂಟಿಸಿರುತ್ತಾರೆ. ಬಡಗಿಗೆ ಗಂಟೆಗೆ ಇಷ್ಟು, ಕಂಬಿ ಕಟ್ಟುವವರಿಗೆ ಇಷ್ಟು, ಹೆಲ್ಪರ್‌ಗೆ ಇಷ್ಟು. ಪಕ್ಕದಲ್ಲೇ ಪಿಂಚಣಿ, ಆರೋಗ್ಯ ವಿಮೆಯ ಪಾಲು ಬೇರೆಯಾಗಿ. ಇದು 1931ರ ಡೇವಿಸ್-ಬೇಕನ್ ಕಾನೂನಿನಿಂದ ಬಂದ ಪದ್ಧತಿ. ಒಮ್ಮೆ ಊಟದ ಹೊತ್ತಲ್ಲಿ ಕಂಬಿ ಕೆಲಸದ ಹೊಸ ಹುಡುಗನೊಬ್ಬ ಆ ಹಾಳೆ ಮುಂದೆ ಪೇ ಸ್ಲಿಪ್ ಹಿಡಿದು ನಿಂತು, ಸಾಲುಸಾಲಾಗಿ ತಾಳೆ ನೋಡುತ್ತಿದ್ದ. ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಕೂಲಿ, ಬಿಟ್ಟುಹೋಗಿತ್ತು. ಸೈಟಿನಲ್ಲಿರುವ ಯೂನಿಯನ್ ಪ್ರತಿನಿಧಿ, ಸ್ಟೂವರ್ಡ್ ಹತ್ತಿರ ಹೋಗಿ ತೋರಿಸಿದ. ಮುಂದಿನ ವಾರದ ಚೆಕ್ಕಿನಲ್ಲಿ ದುಡ್ಡು ಬಂತು. ಕೂಗಾಟವಿಲ್ಲ, ಕೈಕಾಲು ಹಿಡಿಯುವುದಿಲ್ಲ.

ಪಿಎಲ್‌ಎ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೂಲಿ, ಶಿಫ್ಟ್, ಓಟಿ, ಜಗಳ ಬಂದರೆ ಬಗೆಹರಿಸುವ ದಾರಿ, ಎಲ್ಲ ಮೊದಲೇ ಬರೆದಿರುತ್ತದೆ. ಕೆಲಸಗಾರರನ್ನು ಹೆಚ್ಚಾಗಿ ಯೂನಿಯನ್ ಹಾಲ್‌ನಿಂದ, ಅಂದರೆ ಸದಸ್ಯರನ್ನು ಕೆಲಸಕ್ಕೆ ಕಳಿಸುವ ಯೂನಿಯನ್ ಕಚೇರಿಯಿಂದ, ಕರೆಸಬೇಕು. ಇದಕ್ಕೆ ಪ್ರತಿಯಾಗಿ, ಕಾಮಗಾರಿ ಮುಗಿಯುವ ತನಕ ಮುಷ್ಕರವಿಲ್ಲ, ಲಾಕೌಟ್ ಇಲ್ಲ. ಯೂನಿಯನ್ ಅಂದ ಕೂಡಲೇ ನಮ್ಮವರಿಗೆ ಕೇರಳದ ನೋಕ್ಕುಕೂಲಿ ನೆನಪಾಗುತ್ತದೆ, ಕೆಲಸ ಮಾಡದೆ ನೋಡಿದ್ದಕ್ಕೇ ದುಡ್ಡು ಕೇಳುವುದು. 2018ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ನಿಷೇಧಿಸಿತು. ಇಲ್ಲಿಯ ಒಪ್ಪಂದ ಅಂಥದ್ದಲ್ಲ. ಯೂನಿಯನ್ ಕೂಡ ತನ್ನ ಕೈ ತಾನೇ ಕಟ್ಟಿಹಾಕಿಕೊಂಡು ಸಹಿ ಹಾಕುತ್ತದೆ.

ಬಾಸ್ಟನ್ ಜನಕ್ಕೆ ಇದರ ಹಳೆಯ ಉದಾಹರಣೆ ಕಣ್ಣೆದುರೇ ಇದೆ. ಲೋಗನ್ ನಿಲ್ದಾಣಕ್ಕೆ ವಿಮಾನ ಇಳಿಯುವಾಗ ಡಿಯರ್ ಐಲ್ಯಾಂಡ್‌ನಲ್ಲಿ ಮೊಟ್ಟೆಯಾಕಾರದ 12 ಭಾರಿ ಟ್ಯಾಂಕುಗಳು ಕಾಣುತ್ತವೆ. ಬಂದರಿಗೆ ಹರಿಯುತ್ತಿದ್ದ ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ ಅದು. ಬಂದರು ಶುಚಿ ಮಾಡಿ ಅಂತ ಕೋರ್ಟೇ ಗಡುವು ಹಾಕಿತ್ತು, ಕೆಲಸ ನಿಲ್ಲುವಂತಿರಲಿಲ್ಲ. 10 ವರ್ಷ ಮುಷ್ಕರವಿಲ್ಲ ಅನ್ನುವ ಒಪ್ಪಂದ ಆಯಿತು. ಯೂನಿಯನ್ ಇಲ್ಲದ ಗುತ್ತಿಗೆದಾರರು ಕೇಸು ಹಾಕಿದರು. 1993ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು ಇಷ್ಟು: ಖಾಸಗಿ ಮಾಲೀಕ ತನ್ನ ಕಟ್ಟಡಕ್ಕೆ ಇಂಥ ಷರತ್ತು ಹಾಕಬಹುದಾದರೆ, ದುಡ್ಡು ಕೊಟ್ಟು ಕಟ್ಟಿಸುವ ಸರ್ಕಾರಿ ಸಂಸ್ಥೆಯೂ ಹಾಕಬಹುದು. ನನಗೆ ಈ ಮಾತು ತುಂಬ ಸರಿ ಅನಿಸುತ್ತದೆ. ಸರ್ಕಾರ ಇಲ್ಲಿ ಗಿರಾಕಿ. ಕಾಂಕ್ರೀಟು ಯಾವ ಗ್ರೇಡ್ ಇರಬೇಕು ಅಂತ ಹೇಳುವ ಗಿರಾಕಿ, ಅದನ್ನು ಹಾಕುವವರ ಕೂಲಿ ಎಷ್ಟಿರಬೇಕು ಅಂತಲೂ ಹೇಳಬಹುದು, ಅಲ್ವಾ?

ಖರ್ಚು ಏರುವುದು ಸುಳ್ಳಲ್ಲ. ಲಾಸ್ ಏಂಜಲೀಸ್‌ನಲ್ಲಿ ಮನೆಯಿಲ್ಲದವರಿಗೆ ಕಟ್ಟಿದ ವಸತಿ ಯೋಜನೆಯಲ್ಲಿ 65 ಅಥವಾ ಅದಕ್ಕಿಂತ ಹೆಚ್ಚು ಮನೆಗಳಿದ್ದರೆ ಪಿಎಲ್‌ಎ ಕಡ್ಡಾಯ ಮಾಡಿದ್ದರು. ಇದರಿಂದ ಕಟ್ಟುವ ಖರ್ಚು ಶೇ 14.5ರಷ್ಟು ಏರಿತು ಅಂತ ರಾಂಡ್ ಅನ್ನುವ ಸಂಶೋಧನಾ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿತು. ಶಾಲೆಗಳ ಕಟ್ಟಡ ನೋಡಿದ ಬೇರೆ ಕೆಲವು ಅಧ್ಯಯನಗಳಲ್ಲಿ ಅಂಥ ಏರಿಕೆ ಕಂಡಿಲ್ಲ. ಆದರೂ ಮನೆಯಿಲ್ಲದವರ ಪಾಲಿಗೆ ಶೇ 14.5 ಅಂದರೆ ಅಷ್ಟು ಮನೆ ಕಡಿಮೆ. ಅದನ್ನು ನಾನು ಲಘುವಾಗಿ ನೋಡುವುದಿಲ್ಲ.

ನನಗೆ ಇನ್ನೂ ಜಾಸ್ತಿ ಬೇಸರ ತರಿಸುವುದು ಪಿಂಚಣಿ ವಿಷಯ. ಇಲ್ಲಿ ಕಟ್ಟಡ ಕೆಲಸ ಮಾಡುವ 10 ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಮಾತ್ರ ಯೂನಿಯನ್ ಸದಸ್ಯರು. ಮಿಕ್ಕವರು ಇಂಥ ಸೈಟಿಗೆ ಬಂದರೆ, ಅವರ ಹೆಸರಲ್ಲಿ ಗುತ್ತಿಗೆದಾರ ಕಟ್ಟುವ ಪಿಂಚಣಿ ದುಡ್ಡು ಸಾಮಾನ್ಯವಾಗಿ ಯೂನಿಯನ್ ನಿಧಿಗೆ ಹೋಗುತ್ತದೆ. ಅಲ್ಲಿ ಹಕ್ಕು ಸಿಗಲು ವರ್ಷಗಟ್ಟಲೆ ಸೇವೆ ಬೇಕು. ಕೆಲಸ ಮುಗಿಸಿ ಹೊರಟವನಿಗೆ ಆ ದುಡ್ಡು ಸಿಗುವುದೇ ಇಲ್ಲ. ಬೆವರು ಸುರಿಸಿದವನ ದುಡ್ಡು ಅವನ ಸ್ವಂತ ಖಾತೆಗೇ ಹೋಗಬೇಕು. ಸಣ್ಣ ಗುತ್ತಿಗೆದಾರರು ತಮ್ಮ ಹಳೆಯ ಕೆಲಸಗಾರರನ್ನು ಜೊತೆಗೆ ಕರೆತರಲು ಬಿಡಬೇಕು. ಕೆಲವು ಒಪ್ಪಂದಗಳಲ್ಲಿ ಇದಕ್ಕೆ ಜಾಗವಿದೆ, ಎಲ್ಲದರಲ್ಲೂ ಇಲ್ಲ.

ಕರ್ನಾಟಕದಲ್ಲಿ ಯೂನಿಯನ್ ಹಾಲ್ ಇಲ್ಲ, ಇದನ್ನು ಹಾಗೇ ಎತ್ತಿ ತರಲು ಆಗುವುದಿಲ್ಲ. ನಮ್ಮಲ್ಲಿರುವುದು ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾನೂನಿನಿಂದ ಹುಟ್ಟಿದ ಸೆಸ್ ಮತ್ತು ಕಲ್ಯಾಣ ಮಂಡಳಿ. 2025ರ ನವೆಂಬರ್‌ನಲ್ಲಿ ಆ ಕಾನೂನಿನ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಸೈಟಿಂದ ಸೈಟಿಗೆ ಅಲೆಯುವವರಿಗೆ ಅದನ್ನು ಬರೆದುಕೊಡುವವರು ಯಾರು? ಮಂಡಳಿ ಕೊಡುವ ಸಹಾಯಧನ ಒಳ್ಳೆಯದೇ. ಆದರೆ ಅದು ಆಮೇಲಿನ ಮಾತು. ಕೂಲಿ ಕೈತಪ್ಪುವುದು ಟೆಂಡರ್ ತುಂಬುವ ದಿನವೇ.

2020ರ ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಲ್ಲೇ ನಮ್ಮ ಸರ್ಕಾರ ಶ್ರಮಿಕ ರೈಲು ನಿಲ್ಲಿಸಿತ್ತು. ಊರಿಗೆ ಹೊರಟವರು ಬೆಂಗಳೂರಿನಲ್ಲೇ ಸಿಕ್ಕಿಹಾಕಿಕೊಂಡರು. ದೇಶವೆಲ್ಲ ಟೀಕೆ ಮಾಡಿದ ಮೇಲೆ ಮತ್ತೆ ಬಿಟ್ಟರು. ಅದನ್ನು ಇಲ್ಲಿ ಕೂತು ಓದಿದಾಗ ಹೊಟ್ಟೆ ಉರಿಯಿತು. ಕೆಲಸಗಾರರ ಜೊತೆ ಮಾತಾಡಿಯೇ ತೀರ್ಮಾನ ಮಾಡಬೇಕು ಅನ್ನುವ ಕಟ್ಟುಪಾಡು ಯಾವ ಗುತ್ತಿಗೆಯಲ್ಲೂ ಇಲ್ಲದಿದ್ದರೆ ಹೀಗೇ ಆಗುವುದು.

ನಮ್ಮ ಮೆಟ್ರೋದ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 15,611 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಇಂಥ ದೊಡ್ಡ ಟೆಂಡರ್‌ಗಳಿಂದಲೇ ಶುರು ಮಾಡಬಹುದು. ಪ್ರತಿ ಕೆಲಸದ ಕೂಲಿಯನ್ನು ಟೆಂಡರ್ ಪುಸ್ತಕದಲ್ಲೇ ಅಚ್ಚು ಹಾಕಲಿ, ಅದರ ಕೆಳಗೆ ಯಾರೂ ಕೋಟ್ ಮಾಡುವಂತಿಲ್ಲ. ಕೂಲಿ ನೇರ ಬ್ಯಾಂಕ್ ಖಾತೆಗೆ ಹೋದ ಪಟ್ಟಿ ಕೊಟ್ಟರಷ್ಟೇ ಗುತ್ತಿಗೆದಾರರ ಬಿಲ್ ಪಾಸಾಗಲಿ. ಬೋರ್ಡಿನ ಮೇಲಿನ ಹಾಳೆ ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ, ಓದಲು ಬಾರದವರಿಗೆ ಓದಿ ಹೇಳಲು ಕೆಲಸಗಾರರೇ ಆರಿಸಿದ ಒಬ್ಬರು ಸೈಟಿನಲ್ಲಿರಲಿ. ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಗುತ್ತಿಗೆದಾರರಿಗೂ ಇರಬಾರದು, ಮೇಸ್ತ್ರಿಗೂ ಇರಬಾರದು.