ಆರೋಪಿ ಸ್ಥಾನದಲ್ಲಿ 50 ಡಬ್ಬಿ ಮೊಟ್ಟೆ

ಆಹಾರ ಕಲಬೆರಕೆ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಏಳುವ ಕೂಗು ಒಂದೇ: ಶಿಕ್ಷೆ ಜಾಸ್ತಿ ಮಾಡಿ. ನನಗೆ ಹಾಗನ್ನಿಸುವುದಿಲ್ಲ. ಮೊದಲು ಸರಕು ಹಿಡಿಯಿರಿ, ಆಮೇಲೆ ಹೆಸರು ಹೇಳಿ. ಅಮೆರಿಕದವರು ನೂರು ವರ್ಷಕ್ಕೂ ಹಿಂದೆ ಶುರು ಮಾಡಿದ್ದು ಇದನ್ನೇ.

1906ರ ಜೂನ್ 30ರಂದು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅಲ್ಲಿನ ಶುದ್ಧ ಆಹಾರ ಕಾನೂನಿಗೆ ಸಹಿ ಹಾಕಿದರು. ಇದರ ಹಿಂದೆ ವರ್ಷಗಟ್ಟಲೆ ಓಡಾಡಿದವರು ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ. 1902ರಿಂದ ಅವರು ಯುವಕರ ಒಂದು ತಂಡಕ್ಕೆ, ಅವರ ಒಪ್ಪಿಗೆ ಪಡೆದೇ, ಆಹಾರ ಕೆಡದಂತೆ ಆಗ ಹಾಕುತ್ತಿದ್ದ ಬೋರಾಕ್ಸ್, ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕ ಬೆರೆಸಿದ ಊಟ ಬಡಿಸಿ ಏನಾಗುತ್ತದೆ ಅಂತ ಬರೆದಿಟ್ಟಿದ್ದರು. ಕಾನೂನಿನಲ್ಲಿ ದಂಡ ಏನೂ ದೊಡ್ಡದಿರಲಿಲ್ಲ. ಕಲಬೆರಕೆ ಸರಕು ರಾಜ್ಯದ ಗಡಿ ದಾಟಿಸಿದರೆ ಮೊದಲ ಸಲ ಹೆಚ್ಚೆಂದರೆ 200 ಡಾಲರ್. ದೊಡ್ಡ ಕಂಪನಿಗೆ ಅದು ಲೆಕ್ಕವೇ ಅಲ್ಲ.

ಆದರೆ ಸರಕನ್ನೇ ಜಪ್ತಿ ಮಾಡುವ ಅಧಿಕಾರ ಇತ್ತು. ಕೇಸು ನಡೆಯುತ್ತಿದ್ದುದು ಆ ಸರಕಿನ ಮೇಲೆಯೇ. ಸೇಂಟ್ ಲೂಯಿಸ್‌ನ ಹಿಪೊಲೈಟ್ ಎಗ್ ಕಂಪನಿ ಪಕ್ಕದ ರಾಜ್ಯದ ಪಿಯೋರಿಯಾ ಊರಿನ ಬೇಕರಿಯೊಂದಕ್ಕೆ 50 ಡಬ್ಬಿ ಮೊಟ್ಟೆ ಕಳಿಸಿತ್ತು. ಒಡೆದು ತುಂಬಿಟ್ಟ ಮೊಟ್ಟೆ. ಕೆಡದಿರಲಿ ಅಂತ ಬೋರಿಕ್ ಆಸಿಡ್ ಹಾಕಿದ್ದರು. ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ, ಅದೇ ಪುಡಿ. ಅಧಿಕಾರಿಗಳು ಡಬ್ಬಿಗಳನ್ನು ಜಪ್ತಿ ಮಾಡಿದರು. ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಸಾಗಾಟ ಮುಗಿದಿದೆ, ಡಬ್ಬಿಗಳನ್ನು ಹಾಗೇ ಯಾರಿಗೂ ಮಾರುವುದಿಲ್ಲ, ಬೇಕರಿ ತಿಂಡಿಗೆ ಬಳಸಿಕೊಳ್ಳುತ್ತದೆ ಅಷ್ಟೇ, ಇನ್ನು ನೀವು ಮುಟ್ಟುವಂತಿಲ್ಲ ಅಂತ ವಾದ. 1911ರಲ್ಲಿ ಕೋರ್ಟ್ ಇದನ್ನು ಒಪ್ಪಲಿಲ್ಲ. ಕಾನೂನು ಮೀರಿ ಗಡಿ ದಾಟಿದ ಸರಕನ್ನು ಎಲ್ಲಿ ಸಿಕ್ಕರೂ ಹಿಡಿಯಬಹುದು ಅಂದಿತು.

ನನ್ನ ಪ್ರಕಾರ ಇದು ಬಹಳ ದೊಡ್ಡ ತೀರ್ಪು. ಕೇಕ್ ಕೊಳ್ಳುವವರಿಗೆ ಆ ಡಬ್ಬಿ ಕಣ್ಣಿಗೇ ಬೀಳುವುದಿಲ್ಲ. ಲೇಬಲ್ ಓದಿ ಹುಷಾರಾಗಿರಿ ಅಂತ ಅವರಿಗೆ ಹೇಳಿ ಏನು ಪ್ರಯೋಜನ? ಅಲ್ವಾ?

ಟೊಮೆಟೊ ಕಥೆಯೂ ಇಂಥದ್ದೇ. ಟೊಮೆಟೊ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಉಳಿದ ಸಿಪ್ಪೆ, ತೊಟ್ಟಿನ ಭಾಗ ಕೆಚಪ್‌ಗೆ ಹೋಗುತ್ತಿತ್ತು. ಅದರಲ್ಲಿ ಕೊಳೆತದ್ದೂ ಇರುತ್ತಿತ್ತು. ಕುದಿಸಿ, ಸಕ್ಕರೆ, ಮಸಾಲೆ ಹಾಕಿದ ಮೇಲೆ ನಾಲಿಗೆಗೆ ಗೊತ್ತಾಗುವುದು ಕಷ್ಟ. ವೈಲಿಯವರ ಇಲಾಖೆಯ ಬರ್ಟನ್ ಹೋವರ್ಡ್ ಅದಕ್ಕೂ ಒಂದು ದಾರಿ ಕಂಡುಕೊಂಡರು. ಒಂದು ತೊಟ್ಟು ಕೆಚಪ್ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಬೂಷ್ಟಿನ ಎಳೆ ಎಷ್ಟು ಕಡೆ ಕಾಣುತ್ತದೆ ಅಂತ ಲೆಕ್ಕ ಹಾಕುವುದು. ಎಷ್ಟು ಕುದಿಸಿದರೂ ಆ ಎಳೆ ಮಾಯವಾಗುವುದಿಲ್ಲ. ಕೊಳೆತ ಹಣ್ಣಿಗೆ ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಸಿಕ್ಕಿತು.

ತೀರ್ಪು ಬಂದ ಮೇಲೆ ಅದನ್ನು ಪ್ರಕಟಿಸುವುದು ಕಾನೂನಿನಲ್ಲೇ ಇತ್ತು. ಯಾವ ಕಂಪನಿ, ಎಷ್ಟು ಪೆಟ್ಟಿಗೆ, ಎಲ್ಲಿಂದ ಎಲ್ಲಿಗೆ, ಏನು ಸಿಕ್ಕಿತು, ಕೋರ್ಟ್ ಏನು ಹೇಳಿತು, ಎಲ್ಲವನ್ನೂ ನಂಬರ್ ಹಾಕಿ ಅಚ್ಚು ಹಾಕಿಸುತ್ತಿದ್ದರು. ಇನ್ನೂರು ಡಾಲರ್ ದಂಡ ಕಟ್ಟಿ ಮರೆತುಬಿಡಬಹುದು. ಅಚ್ಚಾದ ಹೆಸರನ್ನು ಅಳಿಸಲು ಆಗುತ್ತಾ?

ಈಗ ನಮ್ಮ ಕಡೆ ನೋಡಿ. ಕಾನೂನು 1954ರಿಂದ ಇದೆ, 2006ರಲ್ಲಿ ಹೊಸದೂ ಬಂತು. ಮೈಸೂರಿನ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆ ನಮ್ಮಲ್ಲೇ ಇದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವಂತಿಲ್ಲ ಅಂತ ಆದೇಶ ಮಾಡಿತು. ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇನೆ. ಆದರೆ ಪೇಪರಿನಲ್ಲಿ ನಾವು ಓದುವುದು ಇಷ್ಟು ಸ್ಯಾಂಪಲ್ ತೆಗೆದರು, ಇಷ್ಟು ಫೇಲ್ ಆದವು ಅಂತ ಮಾತ್ರ. ಯಾರದ್ದು? ಯಾವ ಬ್ರಾಂಡ್? ಅಂಗಡಿಯಲ್ಲಿ ಉಳಿದ ಸರಕು ಏನಾಯಿತು? ಸುದ್ದಿ ಅಲ್ಲಿಗೇ ನಿಂತುಬಿಡುತ್ತದೆ.

ಪರೀಕ್ಷೆಯಲ್ಲಿ ಫೇಲ್ ಆದ ಪ್ಯಾಕೆಟ್ ಆಹಾರದ ಬ್ರಾಂಡ್, ಬ್ಯಾಚ್ ನಂಬರ್, ಮಾರಿದ ಊರು, ಜಪ್ತಿಯಾದ ಪೆಟ್ಟಿಗೆಗಳ ಲೆಕ್ಕ, ಮೇಲ್ಮನವಿಯ ಅವಧಿ ಮುಗಿದ ಕೂಡಲೇ ಕನ್ನಡದಲ್ಲಿ ಹೊರಬರಬೇಕು. ಹುಡುಕಿದರೆ ಸಿಗುವಂತಿದ್ದರೆ ಸಾಲದು. ಅದನ್ನು ಮಾರುವ ಅಂಗಡಿಯ ಬಾಗಿಲಲ್ಲೇ ಅಂಟಿಸಬೇಕು. ಮುಂದಿನ ಸಲ ಸ್ಯಾಂಪಲ್ ಲೆಕ್ಕ ಬಂದಾಗ ನಿಮ್ಮ ಶಾಸಕರನ್ನು ಈ ಪಟ್ಟಿ ಕೇಳಿ.