ಹೊರಗಿನವರಿಗೆ ಭಾಷೆ ಕಲಿಸುವುದು ಬೇರೆಯೇ ಕಸುಬು

ನಾನು ಕೊರಿಯನ್ ಭಾಷೆ ಕಲಿಯಲು ದಕ್ಷಿಣ ಕೊರಿಯಾದ ಸಿಯೋಲ್‌ಗೆ ಬಂದ ಎರಡನೇ ವಾರ. ಟೀಚರ್ ನನ್ನ ಕೈಗೆ ತೆಳ್ಳನೆಯ ಒಂದು ಕಾಗದದ ಚೂರು ಕೊಟ್ಟು, ಬಾಯಿ ಮುಂದೆ ಹಿಡಿದುಕೊಳ್ಳಿ ಅಂದರು. ಆಮೇಲೆ ಮೂರು ಪದ ಹೇಳಿಸಿದರು. ದಲ್ ಅಂದರೆ ಚಂದ್ರ, ಥಲ್ ಅಂದರೆ ಮುಖವಾಡ, ತಲ್ ಅಂದರೆ ಮಗಳು. ಥಲ್ ಅಂದಾಗ ಕಾಗದ ಜೋರಾಗಿ ಅಲ್ಲಾಡಬೇಕು, ದಲ್ ಅಂದಾಗ ಒಂಚೂರು ಅಲುಗಬೇಕು, ತಲ್ ಅಂದಾಗ ಅಲುಗಲೇಬಾರದು. ಥಲ್ ನನಗೆ ತಕ್ಷಣ ಬಂತು, ಮಹಾಪ್ರಾಣ ನಮಗೆ ಗೊತ್ತಿರುವುದೇ ಅಲ್ವಾ. ತಲ್ ಕೂಡ ಬಂತು. ದಲ್ ಮಾತ್ರ ಬರಲಿಲ್ಲ. ಅದು ನಮ್ಮ ದಕಾರ ಅಲ್ಲ, ತಕಾರಕ್ಕೂ ದಕಾರಕ್ಕೂ ನಡುವೆ ಎಲ್ಲೋ ಕೂತಿರುವ ಸದ್ದು. ಹದಿನೈದು ಸಲವಾದರೂ ಹೇಳಿಸಿರಬೇಕು. ಕ್ಲಾಸಿನಲ್ಲಿ ವಿಯೆಟ್ನಾಂ, ಮಂಗೋಲಿಯಾ, ಜಪಾನ್, ಉಜ್ಬೇಕಿಸ್ತಾನದವರಿದ್ದರು. ಒಬ್ಬರೂ ನಗಲಿಲ್ಲ, ಎಲ್ಲರ ಕೈಯಲ್ಲೂ ಒಂದೊಂದು ಕಾಗದದ ಚೂರಿತ್ತು.

ಆಗ ನನಗೆ ಸಾಗರದ ಹತ್ತಿರದ ನಮ್ಮೂರ ಶಾಲೆ ನೆನಪಾಯಿತು. ಅಲ್ಲಿ ಒಬ್ಬ ಹುಡುಗ 'ಹಕ್ಕಿ ಹಾರಿತು' ಅನ್ನುವುದನ್ನು 'ಅಕ್ಕಿ ಆರಿತು' ಅಂತ ಓದಿದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಆಮೇಲೆ ಅವನು ಎದ್ದು ನಿಂತು ಗಟ್ಟಿಯಾಗಿ ಓದಿದ್ದು ನಾನು ನೋಡಲೇ ಇಲ್ಲ. ಅವನ ಮನೆಯ ಕನ್ನಡದಲ್ಲಿ ಹಕಾರ ಇರಲಿಲ್ಲ, ಅಷ್ಟೆ. ಒಂದು ಕಾಗದದ ಚೂರು ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನ್ನ ದಲ್‌ಗಿಂತ ಅವನ ಹಕ್ಕಿ ಕಷ್ಟದ್ದೇನಾಗಿರಲಿಲ್ಲ.

ಎರಡು ವರ್ಷದಿಂದ ಇಲ್ಲಿದ್ದೇನೆ. ಮೊದಲ ವರ್ಷ ಭಾಷೆ ಕಲಿತೆ, ಈಗ ಅದೇ ಭಾಷೆಯಲ್ಲಿ ಎಂ.ಎ. ಓದುತ್ತಿದ್ದೇನೆ. ಹೊರಗಿನವರಿಗೆ ತಮ್ಮ ಭಾಷೆ ಕಲಿಸುವುದನ್ನು ಈ ಜನ ಒಂದು ಬೇರೆಯೇ ಕಸುಬು ಅಂತ ತಿಳಿದಿದ್ದಾರೆ, ನಾವು ಇನ್ನೂ ಹಾಗೆ ತಿಳಿದಿಲ್ಲ. ಇದು ನನ್ನನ್ನು ಜಾಸ್ತಿ ಕಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೊರಿಯಾದ ಮಕ್ಕಳು ಶಾಲೆಯಲ್ಲಿ ಓದುವ ವಿಷಯಕ್ಕೆ 'ಕುಗೊ' ಅನ್ನುತ್ತಾರೆ, ಅಂದರೆ ನಾಡಿನ ಭಾಷೆ. ನನ್ನಂಥವರು ಓದುವುದು 'ಹಂಗುಗೊ', ಅಂದರೆ ಕೊರಿಯನ್ ಭಾಷೆ. ಭಾಷೆ ಒಂದೇ, ವಿಷಯ ಎರಡು. ಪುಸ್ತಕ ಬೇರೆ, ಮೇಷ್ಟ್ರೂ ಬೇರೆ. ಹೊರಗಿನವರಿಗೆ ಕಲಿಸುವವರಿಗೆ ಸರ್ಕಾರವೇ ಪ್ರತ್ಯೇಕ ಅರ್ಹತಾ ಪತ್ರ ಕೊಡುತ್ತದೆ, ಅದರಲ್ಲಿ ಮೂರು ದರ್ಜೆಗಳಿವೆ. ಕೊರಿಯನ್ ಮನೆಮಾತು ಅನ್ನುವುದೊಂದೇ ಆ ಪತ್ರಕ್ಕೆ ಸಾಲುವುದಿಲ್ಲ.

ಬಹಳಷ್ಟು ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳಲ್ಲಿ ಲೆಕ್ಕ ಒಂದೇ. ಒಟ್ಟು 6 ಹಂತ, ಒಂದೊಂದು ಹಂತಕ್ಕೆ 10 ವಾರ, 200 ಗಂಟೆ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ. ಕೊರಿಯನ್ ಎಷ್ಟು ಬರುತ್ತದೆ ಅಂತ ಅಳೆಯಲು 1997ರಿಂದ ಟಾಪಿಕ್ ಅನ್ನುವ ಪರೀಕ್ಷೆ ನಡೆಯುತ್ತಿದೆ, ಅದರಲ್ಲೂ 6 ಹಂತ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಬಂದವರು ಸಾಮಾನ್ಯವಾಗಿ ಒಂದು ವರ್ಷ ಭಾಷೆ ಕಲಿತು ಟಾಪಿಕ್‌ನ 3ನೇ ಹಂತ ಪಾಸಾದ ಮೇಲೆಯೇ ಪದವಿಗೆ ಹೋಗುತ್ತಾರೆ. ಎಲ್ಲಿದ್ದೇನೆ, ಮುಂದೇನು ಅಂತ ಕಲಿಯುವವನಿಗೆ ಯಾವಾಗಲೂ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಇವರು ಮೊದಲು ಕಲಿಸುವುದು ಬೀದಿಯಲ್ಲಿ, ಅಂಗಡಿಯಲ್ಲಿ ಆಡುವ, ಕೊನೆಗೆ 'ಯೊ' ಬರುವ ಮರ್ಯಾದೆಯ ಮಾತು. ಪ್ರಬಂಧದ ಭಾಷೆ, ಪತ್ರಿಕೆಯ ಭಾಷೆ ಎಲ್ಲ ಆಮೇಲೆ. ಬೆಳಗ್ಗೆ ಕಲಿತದ್ದನ್ನು ಮಧ್ಯಾಹ್ನ ಊಟದ ಅಂಗಡಿಯಲ್ಲಿ ಬಳಸಿದೆ, ನಡೆಯಿತು. ಅಲ್ಲಿ ಬಡಿಸುವ ಹೆಂಗಸನ್ನು ಎಲ್ಲರೂ 'ಇಮೊ' ಅನ್ನುತ್ತಾರೆ, ತಾಯಿಯ ಅಕ್ಕತಂಗಿಯರನ್ನು ಕರೆಯುವ ಹೆಸರು ಅದು. ನಾನೂ ಹಾಗೇ ಕರೆದೆ. ಆಕೆ ನಿಧಾನವಾಗಿ, ಬಿಡಿಸಿ ಬಿಡಿಸಿ, ಕೊರಿಯನ್‌ನಲ್ಲೇ ಉತ್ತರ ಕೊಟ್ಟರು.

ಕಲಿಯುತ್ತಾ ಹೋದಂತೆ ನನಗಾದ ಸಂತೋಷ ಹೇಳಲೇಬೇಕು. ಕ್ಲಾಸಿನಲ್ಲಿ ವ್ಯಾಕರಣವನ್ನು ಇಂಗ್ಲಿಷ್ ಟಿಪ್ಪಣಿ ನೋಡಿ ಕಲಿಯುತ್ತಿದ್ದೆ, ತಲೆ ಕೆಡುತ್ತಿತ್ತು. ಒಂದು ದಿನ 'ಮೊಗೊ ಬ್ವಾಯೊ' ಬಂತು. ಇಂಗ್ಲಿಷ್‌ನಲ್ಲಿ ಅದಕ್ಕೆ ನಾಲ್ಕು ಸಾಲು ವಿವರಣೆ. ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ, 'ತಿಂದು ನೋಡಿ'. ಮುಗಿಯಿತು. ತಿನ್ನು ಅನ್ನುವುದಕ್ಕೆ ನೋಡು ಸೇರಿಸುತ್ತಾರೆ, ನಮ್ಮ ಹಾಗೇ. 'ಮಾಡಿ ಕೊಡು' ಅನ್ನುವುದಕ್ಕೂ ಅವರು ಕೊಡು ಅನ್ನುವ ಪದವನ್ನೇ ಹಚ್ಚುತ್ತಾರೆ, 'ಮಾಡಿ ಇಡು' ಅನ್ನುವುದಕ್ಕೆ ಇಡು. ಮಳೆ ಇಲ್ಲೂ ಬರುತ್ತದೆ, 'ಬಿಗಾ ವಾಯೊ'. ಮನೆಯಿಂದ ಹೊರಡುವಾಗ ಇವರೂ ಹೋಗುತ್ತೇನೆ ಅನ್ನುವುದಿಲ್ಲ, 'ದಾನ್ಯೊ ಓಲ್ಕೆಯೊ' ಅನ್ನುತ್ತಾರೆ, ಹೋಗಿ ಬರ್ತೀನಿ. ಒಬ್ಬನೇ ಮಗನಾದರೂ 'ಉರಿ ಒಮ್ಮಾ' ಅನ್ನುತ್ತಾನೆ, ನಮ್ಮಮ್ಮ. ಅಪ್ಪನ ಅಣ್ಣ 'ಖುನ್ ಆಬೊಜಿ', ಪದಕ್ಕೆ ಪದ ಇಟ್ಟರೆ ದೊಡ್ಡಪ್ಪ. ಅಪ್ಪನ ತಮ್ಮ 'ಚಾಗುನ್ ಆಬೊಜಿ', ಚಿಕ್ಕಪ್ಪ. ಹೊಳೆ ನಮ್ಮಲ್ಲಿ ಜುಳುಜುಳು ಹರಿದರೆ ಇಲ್ಲಿ ಜೋಲ್‌ಜೋಲ್ ಹರಿಯುತ್ತದೆ.

ಎರಡೂ ಒಂದೇ ಬಳ್ಳಿಯ ಭಾಷೆಗಳು ಅಂತ ನಾನು ಹೇಳುತ್ತಿಲ್ಲ. ಹಲ್ಬರ್ಟ್ ಅನ್ನುವ ಅಮೆರಿಕದವರು ನೂರು ವರ್ಷಕ್ಕೂ ಹಿಂದೆಯೇ ಕೊರಿಯನ್ನನ್ನು ದ್ರಾವಿಡ ಭಾಷೆಗಳ ಜೊತೆ ಹೋಲಿಸಿ ಪುಸ್ತಕ ಬರೆದಿದ್ದಾರೆ, ಭಾಷಾಶಾಸ್ತ್ರಜ್ಞರು ಆ ನಂಟನ್ನು ಒಪ್ಪಿಲ್ಲ. ನಂಟು ಇಲ್ಲದಿದ್ದರೂ ಮಾತು ಕಟ್ಟುವ ರೀತಿ ಒಂದೇ ಥರ ಇದೆ, ಕಲಿಯುವವನಿಗೆ ಅಷ್ಟು ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಜೊತೆ ಕೊರಿಯನ್ ಹೆಸರೂ ಇದೆ. ಕನ್ನಡದ ಮಕ್ಕಳಿಗೆ ಅದನ್ನು ಇಂಗ್ಲಿಷ್ ಮೂಲಕ ಕಲಿಸಿದರೆ ಅವರು ಸುಮ್ನೆ ಊರೆಲ್ಲ ಸುತ್ತಿ ಪಕ್ಕದ ಮನೆಗೆ ಬಂದ ಹಾಗೆ.

ಈಗ ಇನ್ನೊಂದು ಕಡೆಯ ಮಾತು. ನನ್ನ ಜೊತೆ ಓದುವ ಕೊರಿಯಾದ ಹುಡುಗನೊಬ್ಬ, ನನ್ನನ್ನು 'ಹ್ಯೋಂಗ್' ಅನ್ನುತ್ತಾನೆ, ಅಣ್ಣ ಅಂತ. ಹಿಂದೆ ಆರು ತಿಂಗಳು ಬೆಂಗಳೂರಿನಲ್ಲಿದ್ದ, ಕನ್ನಡ ಕಲಿಯಬೇಕು ಅಂತ ಒಂದು ಕಡೆ ಸೇರಿಕೊಂಡ. ಮೊದಲ ಮೂರು ವಾರ ಅಆಇಈ, ಕಾಗುಣಿತ, ಒತ್ತಕ್ಷರ. ಆಮೇಲೆ 'ನಾನು ಶಾಲೆಗೆ ಹೋಗುತ್ತೇನೆ'. ಅದನ್ನು ಬಾಯಿಪಾಠ ಮಾಡಿ ಹೊರಗೆ ಬಂದರೆ ಬೀದಿಯಲ್ಲಿ ಎಲ್ಲರೂ 'ಹೋಗ್ತೀನಿ' ಅನ್ನುತ್ತಿದ್ದರು. ತರಕಾರಿ ಗಾಡಿಯವರ ಹತ್ತಿರ 'ಎಷ್ಟು' ಅಂತ ಕಷ್ಟಪಟ್ಟು ಕೇಳಿದರೆ 'ಟ್ವೆಂಟಿ ರುಪೀಸ್' ಅಂದರಂತೆ. ಪ್ರೀತಿಯಿಂದಲೇ ಅಂದಿರುತ್ತಾರೆ, ಪಾಪ ಅವನಿಗೆ ಕಷ್ಟ ಆಗಬಾರದು ಅಂತ. ಆದರೆ ಆ ಪ್ರೀತಿಯಿಂದ ಅವನ ಕನ್ನಡ ಅಲ್ಲೇ ನಿಂತಿತು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಲ್ಲೇ ಶುರುವಾಯಿತು, ಬೇರೆ ರಾಜ್ಯದ ಎಷ್ಟೋ ಶಿಕ್ಷಕರು ಮೈಸೂರಿನಲ್ಲೇ ಕನ್ನಡ ಕಲಿತಿದ್ದಾರೆ. ದೆಹಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠವಿದೆ, ಅದೇ ಆವರಣದಲ್ಲಿ ಕೊರಿಯನ್ ಪದವಿಯೂ ಇದೆ. ನಾನು ಕೇಳುವುದು ಇಷ್ಟೇ. ಬೆಂಗಳೂರಿಗೆ ಬಂದ ಒಬ್ಬ ಬಿಹಾರದ ಹುಡುಗಿ, ಒಬ್ಬ ಕೊರಿಯಾದ ಹುಡುಗ 'ನಾನು ಕನ್ನಡ 2ನೇ ಹಂತ ಮುಗಿಸಿದೆ' ಅಂತ ಹೇಳಿದರೆ ಅದರ ಅರ್ಥ ಎಲ್ಲರಿಗೂ ಗೊತ್ತಾಗುವಂಥ ಒಂದು ಏಣಿ ಬೇಕು, ಹತ್ತಿಸಲು ತರಬೇತಾದ ಮೇಷ್ಟ್ರು ಬೇಕು.

ಕೊರಿಯಾದವರು ಮಾಡಿದ್ದನ್ನೆಲ್ಲ ಹಾಗೇ ಮಾಡಬೇಕಾಗಿಲ್ಲ. ಇವರು ಸಿಯೋಲ್ ಮಾತೊಂದೇ ಸರಿ ಅಂತ ಗಟ್ಟಿ ಮಾಡಿದರು. ಜೆಜು ದ್ವೀಪದ ಮಾತನ್ನು ಯುನೆಸ್ಕೋ 2010ರಲ್ಲಿ ಅಳಿವಿನ ಅಂಚಿನಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿತು, ಚೆನ್ನಾಗಿ ಆಡುವವರೆಲ್ಲ ಮುದುಕರು. ನಮ್ಮ ಧಾರವಾಡ, ಮಂಗಳೂರು, ಚಾಮರಾಜನಗರದ ಕನ್ನಡಕ್ಕೆ ಹಾಗಾಗಬಾರದು. ಧಾರವಾಡಕ್ಕೆ ಹೋಗುವವರಿಗೆ ಧಾರವಾಡದ ಮಾತಿನಲ್ಲೇ ಮೊದಲ ಪಾಠ ಮಾಡಲಿ, ಏನು ಕಷ್ಟ?

ಆ ಹುಡುಗ ಬರುವ ವರ್ಷ ಮತ್ತೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾನೆ. ಹಾಗಾಗಿ ಶನಿವಾರ ಶನಿವಾರ ನಾನೇ ಪಾಠ ಹೇಳುತ್ತಿದ್ದೇನೆ, 'ಊಟ ಆಯ್ತಾ' ಅನ್ನುವುದರಿಂದ ಶುರು ಮಾಡಿದೆ. 'ಮಾಡಿ ನೋಡು' ಅವನಿಗೆ ಒಂದೇ ನಿಮಿಷಕ್ಕೆ ಹಿಡಿಯಿತು. ಆಮೇಲೆ ಕೇಳಿದ, ಹ್ಯೋಂಗ್, ಮಾಡು ಅನ್ನುವುದು ಮಾಡಿ ಆಗುತ್ತದೆ, ಕೊಡು ಅನ್ನುವುದು ಕೊಡಿ ಆಗದೆ ಕೊಟ್ಟು ಯಾಕಾಗುತ್ತದೆ? ನನಗೆ ಗೊತ್ತಿರಲಿಲ್ಲ. ಹತ್ತನೇ ಕ್ಲಾಸಿನ ತನಕ ಕನ್ನಡ ಓದಿದವನು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ರಾತ್ರಿ ಕೂತು ಪಟ್ಟಿ ಮಾಡಿದೆ. ಕೊಡು, ಇಡು, ಬಿಡು, ಸುಡು, ನೆಡು, ಉಡು, ಇವೆಲ್ಲ ಕೊಟ್ಟು, ಇಟ್ಟು, ಬಿಟ್ಟು, ಸುಟ್ಟು, ನೆಟ್ಟು, ಉಟ್ಟು. ಮಾಡು, ಹಾಡು, ನೋಡು, ಓಡು, ಬೇಡು, ಇವೆಲ್ಲ ಮಾಡಿ, ಹಾಡಿ, ನೋಡಿ, ಓಡಿ, ಬೇಡಿ. ಮೊದಲ ಅಕ್ಷರ ಗಿಡ್ಡ ಇದ್ದರೆ ಟ್ಟು, ಉದ್ದ ಇದ್ದರೆ ಡಿ. ಎದ್ದು ನಿಂತು ಇನ್ನೊಂದು ಸಲ ಓದಿದೆ.

ಮುಂದಿನ ಶನಿವಾರ ಅವನಿಗೆ ತೋರಿಸಿದೆ. ಪೂರ್ತಿ ಬರೆದುಕೊಂಡ, ಕಣ್ಣು ಮಿಣುಗುತ್ತಿತ್ತು. ಬರೆದು ಮುಗಿಸಿ ಪೆನ್ನು ಕೆಳಗಿಡದೆ ಕೇಳಿದ, ಹಾಗಾದರೆ ಬರು ಬಂದು, ತರು ತಂದು, ಇದಕ್ಕೇನು ಲೆಕ್ಕ?

ಹೊಸ ಹಾಳೆ ತೆಗೆದಿದ್ದೇನೆ.